ಜಾಂಬಿಯಾ ದಾರಿಯಲ್ಲಿ ಮಿಸ್ಸಿಂಗ್

ಪೀಣ್ಯ

ಜಾಂಬಿಯಾಕ್ಕೆ ಹೊರಟಿದ್ದೇನೆ ಎಂದಾಗ ದಾಸರಹಳ್ಳಿಯ ನಮ್ಮ ಬೀದಿಯವರು ಕೇಳಿದ್ದೆಲ್ಲ ಸಿಂಹದ ಬಗ್ಗೆಯೇ. ಸಿಂಹವನ್ನು ನಾನು ನೋಡಲಿಲ್ಲ. ಆಫ್ರಿಕಾದಲ್ಲಿ ನಾನು ತೀರಾ ಹತ್ತಿರದಿಂದ, ತುಂಬಾ ಹೊತ್ತು ನೋಡಿದ್ದು ಒಂದು ಹಳೆಯ ಲಾರಿಯ ರೇಡಿಯೇಟರನ್ನು. ಆನೆ, ಜಿರಾಫೆ, ಜಲಪಾತ ಬೇಕಾದವರು ಈಗಲೇ ಪುಟ ತಿರುಗಿಸಬಹುದು, ನನಗೇನೂ ಬೇಸರವಿಲ್ಲ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಎಣ್ಣೆ ಗಾಣ ತಯಾರಿಸುವ ಕಾರ್ಖಾನೆ. ಎತ್ತು ತಿರುಗಿಸುವ ಗಾಣವಲ್ಲ, ಮೋಟಾರಿನಿಂದ ಓಡುವ ಕಬ್ಬಿಣದ ಗಾಣ. ಅದು ಎಲ್ಲಿಗೆ ಮಾರಾಟವಾದರೂ ಹಿಂದೆಯೇ ಹೋಗಿ, ಕೂರಿಸಿ, ಮೊದಲ ಎಣ್ಣೆ ಇಳಿಸಿ ತೋರಿಸಿ ಬರುವುದು ನನ್ನ ಕೆಲಸ. ಚಳ್ಳಕೆರೆಗೂ ಹೋಗಿದ್ದೇನೆ, ನೇಪಾಳಕ್ಕೂ ಹೋಗಿದ್ದೇನೆ. ಈ ಸಲ ಜಾಂಬಿಯಾದ ಒಂದು ಹಳ್ಳಿಯ ಹೆಂಗಸರ ಸಂಘ ಕಡಲೆಕಾಯಿ ಎಣ್ಣೆ ತೆಗೆಯಲು ನಮ್ಮ ಗಾಣ ತರಿಸಿಕೊಂಡಿತ್ತು. ಗಾಣ ಹಡಗಿನಲ್ಲಿ ಮೊದಲೇ ಹೋಗಿತ್ತು.

ನನ್ನ ತಮ್ಮ ಲೋಕೇಶನದು ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಲಾರಿ ಗ್ಯಾರೇಜು. ಹೊರಡುವ ದಿನ ಒಂದು ಬಟ್ಟೆಯಲ್ಲಿ ನಾಲ್ಕು ಸ್ಪ್ಯಾನರ್ ಸುತ್ತಿ ತಂದು ನನ್ನ ಪೆಟ್ಟಿಗೆಗೆ ತುರುಕಿದ.

"ಅಲ್ಲೆಲ್ಲ ಗಾಡಿಗಳು ಹಳೇವು ಇರ್ತವಂತೆ ಅಕ್ಕ. ಇಟ್ಕೋ."

"ನಾನು ಗಾಣ ಕೂರ್ಸೋಕೆ ಹೋಗ್ತಿರೋದು ಕಣೋ. ನಿನ್ನ ಗ್ಯಾರೇಜಿನ ಬ್ರಾಂಚ್ ತೆಗಿಯೋಕಲ್ಲ."

"ಇಟ್ಕೋ ಅಂದ್ರೆ ಇಟ್ಕೋಬೇಕಪ್ಪ. ಎಲ್ಲಾದಕ್ಕೂ ಎದುರು ಮಾತಾಡ್ಬೇಡ."

ಅಪ್ಪನ ಕಾಲದಿಂದಲೂ ಗ್ಯಾರೇಜಿನ ಪಕ್ಕದಲ್ಲೇ ಬೆಳೆದವಳು ನಾನು. ಲಾರಿ ರಿಪೇರಿ ನನ್ನ ಕಸುಬಲ್ಲ, ಆದರೆ ಎಂಜಿನ್ನಿನ ಸದ್ದಿನ ಬಗ್ಗೆ ನನಗೊಂದು ಕಿವಿ ಇದೆ ಎಂಬ ಜಂಬ ಉಂಟು. ಈ ಪ್ರಯಾಣದಲ್ಲಿ ಕಿವಿ ಕೈಕೊಡಲಿಲ್ಲ. ಕೈಕೊಟ್ಟದ್ದು ನಾಲಿಗೆ.

ಲುಸಾಕಾ

ರಾಜಧಾನಿಯ ಗೋದಾಮಿನ ಮುಂದೆ ನಿಂತಿದ್ದ ಲಾರಿಯನ್ನು ಕಂಡೊಡನೆ ನಗು ಬಂತು. ತುಮಕೂರು ರಸ್ತೆಯಲ್ಲಿ ದಿನಾ ನೋಡುವ ಮುಖವೇ ಅದು. ನಮ್ಮ ದೇಶದಲ್ಲಿ ಹುಟ್ಟಿ, ಯಾವುದೋ ಕಾಲದಲ್ಲಿ ಹಡಗು ಹತ್ತಿ ಬಂದು, ನಾಲ್ಕಾರು ಕೈ ದಾಟಿ ಕೊನೆಗೆ ಸಂಘದ ಪಾಲಿಗೆ ಬಂದ ಗಾಡಿ. ಎಂಜಿನ್ ಇರುವುದು ಕ್ಯಾಬಿನ್ನಿನ ಒಳಗೇ, ಚಾಲಕನ ಪಕ್ಕದಲ್ಲಿ, ತಗಡಿನ ಮುಚ್ಚಳದ ಕೆಳಗೆ. ಮುಚ್ಚಳದ ಮೇಲೆ ಒಂದು ಕಂಬಳಿ. ಕಂಬಳಿ ಸಮೇತ ನಮ್ಮೂರೇ.

ಚಾಲಕನ ಹೆಸರು ಮ್ವಾಪೆ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ನಾನು ಇಳಿದ ಕೂಡಲೇ "ಲೋಡ್ ಮಾಡೋಣವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಉತ್ತರಿಸಲಿಲ್ಲ. ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಮೆಲ್ಲಗೆ ತಟ್ಟಿ, ರಾತ್ರಿ ನಿದ್ದೆ ಬಂತೇ ಎಂದು ಕೇಳಿದ. ಮನೆಯವರು ಹೇಗಿದ್ದಾರೆ, ನಮ್ಮ ಊರಿನಲ್ಲಿ ಮಳೆ ಹೇಗಿದೆ ಎಂದು ಕೇಳಿದ. ನಾನೂ ಅದನ್ನೆಲ್ಲ ತಿರುಗಿ ಕೇಳುವವರೆಗೆ ಕಾದ. ಆಮೇಲೆ "ಹೌದು, ಲೋಡ್ ಮಾಡೋಣ" ಎಂದ. ಅಲ್ಲಿ ಎಲ್ಲರೂ ಹೀಗೆಯೇ. ಪೀಣ್ಯದಲ್ಲಿ ಇಷ್ಟು ಕುಶಲ ವಿಚಾರಿಸುತ್ತ ನಿಂತರೆ ಕ್ರೇನಿನವನು ಇನ್ನೊಂದು ಲೋಡಿಗೆ ಹೋಗಿಬಿಡುತ್ತಾನೆ.

ಊರು ದಾಟಿದ ಮೇಲೆ ಮ್ವಾಪೆ ಒಂದು ಕೋರಿಕೆ ಇಟ್ಟ. ಸಂಘದ ಅಧ್ಯಕ್ಷೆ ಬಾನಾ ಚಾಂಡಾ ಅವರಿಗೆ ನಾವು ಹೊರಟ ಸುದ್ದಿಯನ್ನು ನಾನೇ ತಿಳಿಸಬೇಕು, ಅವನು ಫೋನ್ ಮಾಡುವಂತಿಲ್ಲ.

"ಯಾಕೆ, ಜಗಳವೇ?"

"ಅಯ್ಯೋ ಇಲ್ಲ. ಅವರು ನನ್ನ ಅತ್ತೆ."

ಬಾನಾ ಚಾಂಡಾ ಎಂದರೆ ಚಾಂಡಾಳ ತಾಯಿ. ಅಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುತ್ತಾರೆ. ಚಾಂಡಾ ಮ್ವಾಪೆಯ ಹೆಂಡತಿ. ಅವನ ಕಡೆಯ ಪದ್ಧತಿಯಲ್ಲಿ ಅಳಿಯ ಅತ್ತೆಯ ಎದುರು ನಿಲ್ಲುವುದಿಲ್ಲ, ಅವರೊಡನೆ ಮಾತಾಡುವುದಿಲ್ಲ, ಒಂದೇ ಕಡೆ ಕೂತು ಉಣ್ಣುವುದಿಲ್ಲ. ದಾರಿಯಲ್ಲಿ ಅತ್ತೆ ಎದುರಾದರೆ ಪಕ್ಕಕ್ಕೆ ಸರಿದು ಮುಖ ತಿರುಗಿಸಿ ನಿಲ್ಲುತ್ತಾನೆ. ಹೆಣ್ಣಿನ ಮನೆಯವರು ಅಡುಗೆ ಮಾಡಿ, ಅಳಿಯನನ್ನು ಒಳಗೆ ಕರೆಯುವ ಶಾಸ್ತ್ರ ನಡೆಸುವವರೆಗೂ ಹೀಗೆಯೇ. ನಮ್ಮ ಅಜ್ಜಿ ಕೂಡ ಅಳಿಯ ಬಂದಾಗ ಬಾಗಿಲ ಹಿಂದೆ ನಿಂತು, ಗೋಡೆಗೆ ಹೇಳುವ ಹಾಗೆ "ಊಟಕ್ಕೆ ಏಳಬೇಕಂತೆ" ಎನ್ನುತ್ತಿದ್ದಳು. ಹಾಗಾಗಿ ನನಗೆ ಇದು ತೀರಾ ವಿಚಿತ್ರ ಎನಿಸಲಿಲ್ಲ.

"ನಿಮಗೆ ಆ ಶಾಸ್ತ್ರ ಯಾವಾಗ?"

"ಈ ಗಾಡಿ ಊರು ಮುಟ್ಟಿದ ಮೇಲೆ."

ಸಂಘದ ಹಿಂದಿನ ಗಾಡಿಯನ್ನು ಅದರ ಚಾಲಕ ಗಡಿಯಾಚೆಗೆ ಓಡಿಸಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಈ ಹಳೆಯ ಲಾರಿ ಬಂದಾಗ, ಹೊರಗಿನಿಂದ ಬಂದ ಅಳಿಯನ ಕೈಗೆ ಇದನ್ನೂ ಕೊಡುವುದೇ ಎಂದು ಹೆಂಗಸರು ತಕರಾರು ತೆಗೆದಿದ್ದರು. ಬಾನಾ ಚಾಂಡಾ ಎದ್ದು ನಿಂತು, ಅವನ ಮಾತಿಗೆ ನಾನು ಹೊಣೆ ಎಂದಿದ್ದರಂತೆ. ಅಳಿಯನೊಡನೆ ಒಂದು ಮಾತೂ ಆಡದ ಅತ್ತೆ ಅಳಿಯನ ಪರವಾಗಿ ಮಾತು ಕೊಟ್ಟಿದ್ದರು. ಇದು ಮ್ವಾಪೆಯ ಮೊದಲ ದೂರದ ಪ್ರಯಾಣ.

"ಸರಿಯಾಗಿ ಮುಟ್ಟಿಸಿದರೆ ನಾನು ಆ ಊರಿನವನು" ಎಂದ. "ಇಲ್ಲದಿದ್ದರೆ ಆ ಊರಿನಲ್ಲಿ ನನಗೇನು ಕೆಲಸ?"

ಕಬ್ವೆ ದಾಟಿ

ರಸ್ತೆಯ ಇಕ್ಕೆಲದಲ್ಲೂ ಇದ್ದಿಲಿನ ಮೂಟೆಗಳು, ಗೆಣಸಿನ ಗುಡ್ಡೆಗಳು, ಅವುಗಳ ಹಿಂದೆ ಮರದ ನೆರಳಿನಲ್ಲಿ ಯಾವ ಆತುರವೂ ಇಲ್ಲದ ಮಾರುವವರು. ಅತ್ತಿಬೆಲೆಯ ಚೆಕ್‌ಪೋಸ್ಟಿನಲ್ಲಿ ಸೌತೆಕಾಯಿ ಮಾರುವವರು ಗಾಡಿಗೆ ನೇತುಬೀಳುತ್ತಾರಲ್ಲ, ಅಂಥದ್ದೇನೂ ಇಲ್ಲಿಲ್ಲ. ಬೇಕಾದರೆ ನೀನೇ ನಿಲ್ಲಿಸು ಎಂಬ ಧೋರಣೆ. ನೋಡುತ್ತ ಕೂತಿದ್ದೆ. ಕಬ್ವೆ ಎಂಬ ಊರು ದಾಟಿ ಒಂದು ಉದ್ದನೆಯ ಏರು ಬಂದಾಗ ಎಂಜಿನ್ನಿನ ಸದ್ದಿನಲ್ಲಿ ಒಂದು ಏಟು ತಪ್ಪಿತು.

ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೊಂದು ಹೆಸರಿದೆ. ಆರು ಸಿಲಿಂಡರುಗಳಲ್ಲಿ ಒಂದು ಸರಿಯಾಗಿ ಉರಿಯದೆ ಆಗಾಗ ತಪ್ಪಿಸಿಕೊಂಡರೆ "ಗಾಡಿ ಮಿಸ್ಸಿಂಗ್ ಹೊಡೀತಿದೆ" ಎನ್ನುತ್ತಾರೆ. ಪೀಣ್ಯದಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಇದು ಇಂಗ್ಲಿಷ್ ಪದ, ಆದ್ದರಿಂದ ಇಂಗ್ಲಿಷ್ ಬಲ್ಲವರಿಗೆಲ್ಲ ಗೊತ್ತಿರುತ್ತದೆ ಎಂದು ನಾನು ಹುಟ್ಟಿದಾಗಿನಿಂದ ನಂಬಿದ್ದೆ.

ಏಟು ಮತ್ತೆ ತಪ್ಪಿತು. ಕಾಲಿನ ಪಕ್ಕದ ತಗಡಿನಿಂದ ಕಾವು ಏರತೊಡಗಿತು. ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆಗೆ ತೆವಳುತ್ತಿತ್ತು. ಮ್ವಾಪೆ ಅದನ್ನು ನೋಡಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎಂದು ನನಗೆ ತಿಳಿಯಿತು.

"ನಿಲ್ಲಿಸು" ಎಂದೆ.

"ಏರು ಮುಗಿಯಲಿ, ಮೇಡಂ."

"ಏರು ಮುಗಿಯುವಷ್ಟರಲ್ಲಿ ಎಂಜಿನ್ನೇ ಮುಗಿಯುತ್ತದೆ."

ನಿಲ್ಲಿಸಿದ. ಇಳಿಯುವ ಅವಸರದಲ್ಲಿ ಮೆಟ್ಟಿಲು ತಪ್ಪಿ ನಾನು ಮಂಡಿ ಊರಿ ಬಿದ್ದೆ. "ಸಾರಿ" ಎಂದ ಮ್ವಾಪೆ. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲಿನವನೂ "ಸಾರಿ" ಎಂದ. ಆಚೆ ಬದಿಯಲ್ಲಿ ಕೂತಿದ್ದ ಹೆಂಗಸೂ "ಸಾರಿ, ಸಾರಿ" ಎಂದಳು. ಇವರೆಲ್ಲ ಯಾಕೆ ಕ್ಷಮೆ ಕೇಳುತ್ತಿದ್ದಾರೆ, ಬಿದ್ದವಳು ನಾನು ತಾನೇ ಎಂದು ರೇಗಿತು. ಅಲ್ಲಿ ಅದು ಕ್ಷಮೆಯಲ್ಲ, "ಅಯ್ಯೋ ಪಾಪ" ಎನ್ನುವ ಮಾತು ಎಂದು ಮ್ವಾಪೆ ಆಮೇಲೆ ಹೇಳಿದ. ಒಂದೇ ಪದಕ್ಕೆ ಊರಿಗೊಂದು ಅರ್ಥ ಇರುತ್ತದೆ ಎಂಬ ಪಾಠವನ್ನು ನಾನು ಅಲ್ಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಕಪಿರಿ ಎಂಪೋಶಿ

ನಿಂತು, ತಣಿದು, ಮತ್ತೆ ಓಡಿ, ಸಂಜೆಗೆ ಆ ಊರು ಮುಟ್ಟಿ ತಂಗಿದೆವು. ಬೆಳಿಗ್ಗೆ ಲಾರಿ ನಿಲ್ಲುವ ಬಯಲಿನಲ್ಲಿ ಮ್ವಾಪೆ ಎಂಜಿನ್ ಮುಚ್ಚಳ ತೆಗೆದಿದ್ದೇ ತಡ, ಐದಾರು ಮಂದಿ ಸೇರಿದರು. ಈ ವಿಷಯದಲ್ಲಿ ಮಾತ್ರ ಜಾಂಬಿಯಾ ಬೇರೆಯಲ್ಲ, ಪೀಣ್ಯ ಬೇರೆಯಲ್ಲ. ಕೆಟ್ಟ ಗಾಡಿಯ ಸುತ್ತ ನಿಲ್ಲುವ ಗಂಡಸರ ಮುಖದಲ್ಲಿ ಒಂದು ಗುಟ್ಟಾದ ಸಂತೋಷ ಇರುತ್ತದೆ. ಒಬ್ಬ ರೇಡಿಯೇಟರ್ ಕಟ್ಟಿದೆ ಎಂದ. ಇನ್ನೊಬ್ಬ ಡೀಸೆಲ್ಲಿನಲ್ಲಿ ನೀರು ಎಂದ. ಟೋಪಿ ಹಾಕಿದ್ದವನೊಬ್ಬ ಮಾತ್ರ ಏನೂ ಹೇಳದೆ ತಲೆ ಆಡಿಸಿ, ನಾಲಿಗೆಯಲ್ಲಿ ಲೊಚಗುಟ್ಟಿ, ಹೊರಟು ಹೋದ. ಹೆಚ್ಚು ಹೆದರಿಸಿದ್ದು ಅವನೇ.

ರೇಡಿಯೇಟರಿನ ಮುಂದೆ ಸಿಕ್ಕಿಕೊಂಡಿದ್ದ ಹುಲ್ಲು, ಹುಳ ಎಲ್ಲ ತೆಗೆದು ತೊಳೆದೆವು. ಎಂಜಿನ್ ತಣ್ಣಗಿದ್ದಾಗ ಸದ್ದು ಸ್ವಲ್ಪವೇ ತಡವರಿಸಿ ಸರಿಹೋಯಿತು. ಮ್ವಾಪೆ ನನ್ನ ಮುಖ ನೋಡಿದ.

"ಅತ್ತೆಗೆ ಏನು ಹೇಳಲಿ?" ಎಂದೆ.

"ಬರುತ್ತಿದ್ದೇವೆ ಎಂದು ಹೇಳಿ. ಬೇರೇನೂ ಬೇಡ."

ಹಾಗೆಯೇ ಕಳಿಸಿದೆ. ಬಾನಾ ಚಾಂಡಾ ಕೂಡಲೇ ಉತ್ತರಿಸಿದರು. ಸಂಘದ ಹೆಂಗಸರೆಲ್ಲ ಕಾಯುತ್ತಿದ್ದಾರೆ, ಗಾಡಿ ಚೆನ್ನಾಗಿದೆ ತಾನೇ, ಎಲ್ಲಿದ್ದೀರಿ ಎಂದು ಆಗಾಗ ತಿಳಿಸುತ್ತಿರಿ.

ಮ್ಕುಶಿಯ ಆಚೆ, ರಸ್ತೆಬದಿ

ಅಲ್ಲಿ ಊರಿಲ್ಲ. ಎರಡೂ ಕಡೆ ಕುರುಚಲು ಕಾಡು, ನಡುವೆ ಡಾಂಬರು. ಬಿಸಿಲು ಏರಿದ ಹಾಗೆ ಮಿಸ್ಸಿಂಗ್ ಜೋರಾಯಿತು. ಕ್ಯಾಬಿನ್ನು ಅದುರತೊಡಗಿತು. ಏರಿನ ಅರ್ಧದಲ್ಲಿ ರೇಡಿಯೇಟರ್ ಬುಸ್ಸೆಂದು ಉಗುಳಿತು. ಆವಿಯಲ್ಲಿ ಮುಂದಿನ ಗಾಜು ಬೆಳ್ಳಗಾಯಿತು. ಮ್ವಾಪೆ ಗಾಡಿಯನ್ನು ಬದಿಗೆ ತಂದು ಆಫ್ ಮಾಡಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟ.

ಅವನು ಎದ್ದು ಕೊಂಬೆಗಳನ್ನು ಮುರಿದು ರಸ್ತೆಯ ಮೇಲೆ, ಲಾರಿಯ ಹಿಂದೆ ದೂರದವರೆಗೂ ಹಾಸಿದ. ಕೊಂಬೆ ಕಂಡರೆ ಮುಂದೆ ಗಾಡಿ ಕೆಟ್ಟಿದೆ ಎಂದು ಬರುವವರಿಗೆ ತಿಳಿಯುತ್ತದಂತೆ. ನಮ್ಮಲ್ಲಿ ಕಲ್ಲು ಇಡುತ್ತಾರೆ, ಹೋಗುವಾಗ ತೆಗೆಯುವುದಿಲ್ಲ. ಅವನು ಎರಡು ಖಾಲಿ ಡಬ್ಬ ಹಿಡಿದು ನೀರು ಹುಡುಕಿಕೊಂಡು ಕಾಡಿನ ಕಾಲುದಾರಿಯಲ್ಲಿ ಮರೆಯಾದ.

ನಾನು ಗೆದ್ದಲಿನ ಹುತ್ತವೊಂದರ ಮೇಲೆ ನಿಂತರೆ ಸಿಗ್ನಲ್ ಸಿಗುತ್ತಿತ್ತು. ಲೋಕೇಶನಿಗೆ ಕರೆ ಮಾಡಿದೆ. ಹಿಂದೆ ಯಾರೋ "ಗುರು, ಜಾಕ್ ಇಳ್ಸು" ಎಂದು ಕೂಗುವುದು, ಕಬ್ಬಿಣ ಕುಟ್ಟುವುದು ಕೇಳಿಸಿತು. ಆ ಗಲಾಟೆ ಕೇಳಿ ಅಳುವೇ ಬರುವಂತಾಯಿತು.

"ಹೀಟೂ ಆಗ್ತಿದೆ, ಮಿಸ್ಸಿಂಗೂ ಹೊಡೀತಿದೆ ಅಂತೀಯಾ? ಎರಡೂ ಒಟ್ಟಿಗೆ ಬಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತೆ ಕಣಕ್ಕ. ಸಿಲಿಂಡರ್ ಒಳಕ್ಕೆ ನೀರು ಇಳೀತಿದೆ."

"ಹಂಗಂದ್ರೆ ಓಡ್ಸೋ ಹಂಗಿಲ್ವಾ?"

"ಓಡ್ಸಿದ್ರೆ ಹೆಡ್ ಕ್ರ್ಯಾಕ್ ಬಿಡುತ್ತೆ. ಆಮೇಲೆ ಎಂಜಿನ್ ಗುಜರೀನೇ. ಟೋ ಮಾಡ್ಸು."

"ಇಲ್ಲಿ ಟೋ ಮಾಡೋಕೆ ನಿಮ್ಮಪ್ಪ ಇದಾನಾ? ಕಾಡು ಕಣೋ ಇದು!"

"ನಮ್ಮಪ್ಪ ನಿಮ್ಮಪ್ಪಾನೂ ಅಲ್ವಾ? ರೇಗ್ಬೇಡ, ಕೇಳು. ತಣ್ಣಗಾಗ್ಲಿ. ನೀರು ತುಂಬಿ, ಕ್ಯಾಪ್ ತೆಗ್ದೇ ಇಟ್ಟು ಸ್ಟಾರ್ಟ್ ಮಾಡು. ನೀರಲ್ಲಿ ಗುಳ್ಳೆ ಗುಳ್ಳೆ ಎದ್ರೆ ಗ್ಯಾಸ್ಕೆಟ್ ಹೋಗಿದೆ ಅಂತ. ಏಳ್ಲಿಲ್ಲ ಅಂದ್ರೆ ಇಂಜೆಕ್ಟರ್ ಪೈಪ್ ನಟ್ ಒಂದೊಂದೇ ಲೂಸ್ ಮಾಡಿ ಕೇಳು. ಯಾವ್ದು ಲೂಸ್ ಮಾಡಿದ್ರೂ ಸೌಂಡ್ ಬದ್ಲಾಗಲ್ವೋ ಅದೇ ಸತ್ತಿರೋ ಸಿಲಿಂಡರು. ಅಕ್ಕ? ಹಲೋ?"

ಕರೆ ಕಡಿಯಿತು. ಅಷ್ಟರಲ್ಲಿ ಬಾನಾ ಚಾಂಡಾ ಅವರ ಸಂದೇಶ ಬಂದಿತ್ತು. ಎಲ್ಲಿದ್ದೀರಿ?

ಬೇರೇನೂ ಹೇಳಬೇಡಿ ಎಂದು ಮ್ವಾಪೆ ಹೇಳಿದ್ದ. ಆದರೆ ಗ್ಯಾಸ್ಕೆಟ್ ಹೋಗಿದ್ದರೆ ಅವರು ಇನ್ನೊಂದು ಗಾಡಿ ಕಳಿಸಲೇಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ನನಗೆ ತೋರಿತು. ಬಿಸಿಲಿನಲ್ಲಿ, ಹುತ್ತದ ಮೇಲೆ, ಬೆವರಿನ ಬೆರಳಿನಲ್ಲಿ ಇಂಗ್ಲಿಷ್ ಒತ್ತಿದೆ. "ಟ್ರಕ್ ಮಿಸ್ಸಿಂಗ್ ಸಿನ್ಸ್ ಯೆಸ್ಟರ್ಡೇ. ನೌ ಟೂ ಮಚ್ ಮಿಸ್ಸಿಂಗ್. ಮ್ವಾಪೆ ಗಾನ್ ಫಾರ್ ವಾಟರ್, ನಾಟ್ ಕಮ್ ಬ್ಯಾಕ್. ಐ ಆಮ್ ಸಿಟ್ಟಿಂಗ್ ಆನ್ ರೋಡ್."

ಹೋಯಿತು. ಅದರ ಹಿಂದೆಯೇ ಸಿಗ್ನಲ್ಲೂ ಹೋಯಿತು.

ಮ್ವಾಪೆ ನೀರು ತಂದ. ಎಂಜಿನ್ ಆರಿದ ಮೇಲೆ ನೀರು ತುಂಬಿ, ಕ್ಯಾಪು ತೆಗೆದೇ ಇಟ್ಟು ಸ್ಟಾರ್ಟ್ ಮಾಡಿಸಿದೆ. ರೇಡಿಯೇಟರಿನ ಬಾಯಿಯೊಳಗೆ ಕಣ್ಣು ನೆಟ್ಟು ನಿಂತೆ. ಒಂದು ಗುಳ್ಳೆ ಎದ್ದರೆ ಅವನ ಕಥೆ ಮುಗಿಯಿತು. ನೀರು ನಡುಗಿತು. ಸುಳಿಯಿತು. ಗುಳ್ಳೆ ಏಳಲಿಲ್ಲ. ಮತ್ತಷ್ಟು ಹೊತ್ತು ನೋಡಿದೆ. ಏಳಲಿಲ್ಲ. ಎಂಜಿನ್ ಆಯಿಲ್ ಕಡ್ಡಿ ತೆಗೆದು ನೋಡಿದೆ, ಆಯಿಲ್ ಕಪ್ಪಗೇ ಇತ್ತು, ನೀರು ಬೆರೆತರೆ ಬರುವ ಹಾಲಿನ ಬಣ್ಣ ಇರಲಿಲ್ಲ.

"ಗ್ಯಾಸ್ಕೆಟ್ ಅಲ್ಲ!" ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಅರ್ಥವಾಯಿತು.

ಕ್ಯಾಬಿನ್ನಿಗೆ ಹತ್ತಿ ಮುಚ್ಚಳ ಎತ್ತಿ, ಸಿಲಿಂಡರುಗಳಿಗೆ ಡೀಸೆಲ್ ಒಯ್ಯುವ ಇಂಜೆಕ್ಟರ್ ಪೈಪುಗಳ ನಟ್ಟನ್ನು ಕೊನೆಯಿಂದ ಒಂದೊಂದೇ ಸಡಿಲಿಸಿದೆ. ಆರನೆಯದನ್ನು ಸಡಿಲಿಸಿದರೆ ಎಂಜಿನ್ ಕುಂಟಿತು, ಬಿಗಿ ಮಾಡಿದರೆ ಚೇತರಿಸಿಕೊಂಡಿತು. ಐದನೆಯದೂ ಹಾಗೆಯೇ, ಮಿಕ್ಕವೂ ಹಾಗೆಯೇ. ಎಲ್ಲಕ್ಕಿಂತ ಮುಂದೆ ಇರುವ ಮೊದಲನೆಯ ಪೈಪಿಗೆ ಬಂದಾಗ ಸ್ಪ್ಯಾನರಿಗೆ ಕೆಲಸವೇ ಇರಲಿಲ್ಲ, ನಟ್ಟು ಆಗಲೇ ಸಡಿಲವಾಗಿತ್ತು. ಪೈಪನ್ನು ಅದುರದಂತೆ ಹಿಡಿದಿರಬೇಕಾದ ಪಟ್ಟಿ ಎಲ್ಲೋ ಬಿದ್ದುಹೋಗಿತ್ತು. ಅಲ್ಲಿಂದ ಡೀಸೆಲ್ ಚಿಮ್ಮುತ್ತಿತ್ತು.

ಮಿಸ್ಸಿಂಗಿಗೆ ಕಾರಣ ಸಿಕ್ಕಿತು. ಆದರೆ ಹೀಟ್ ಆಗುವುದೇಕೆ? ಮೊದಲ ಸಿಲಿಂಡರಿಗೆ ಡೀಸೆಲ್ ಸಾಲದಿದ್ದರೆ ಎಂಜಿನ್ ಕುದಿಯಬೇಕಾಗಿಲ್ಲ. ಇದು ತಿಳಿಯದೆ ಹೊರಟರೆ ಮುಂದಿನ ಏರಿನಲ್ಲಿ ಮತ್ತೆ ಇದೇ ಗತಿ.

ಸಿಟ್ಟಿಗೆ ಕೈ ಒರೆಸಿಕೊಳ್ಳಲು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆಂದು ಹೊದಿಸಿದ್ದ ಹೂವಿನ ಬಟ್ಟೆಯನ್ನು ಎಳೆದೆ. ಅದರ ಕೆಳಗೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿತ್ತು. ಚಾರ್ಜಿಂಗ್ ಲೈಟ್.

"ಇದು ಯಾವಾಗಿನಿಂದ?"

"ಬಟ್ಟೆ ಯಾವಾಗಲೂ ಇತ್ತಲ್ಲ, ಮೇಡಂ."

ಅಂದರೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ತಿರುಗುತ್ತಿಲ್ಲ. ಡೈನಮೋವನ್ನು ತಿರುಗಿಸುವುದು ಫ್ಯಾನ್ ಬೆಲ್ಟು. ನೀರಿನ ಪಂಪನ್ನು, ಫ್ಯಾನನ್ನು ತಿರುಗಿಸುವುದೂ ಅದೇ ಬೆಲ್ಟು. ನಾನು ಇಷ್ಟು ಯೋಚಿಸುವಷ್ಟರಲ್ಲಿ ಮ್ವಾಪೆ ಎಂಜಿನ್ ಆಫ್ ಮಾಡಿ, ಮುಂದಿನಿಂದ ಕೈ ತೂರಿಸಿ ಬೆಲ್ಟು ಮುಟ್ಟಿ, ಬೆರಳು ಮೂಸಿ ನೋಡಿ ನನ್ನ ಮೂಗಿನ ಹತ್ತಿರ ಹಿಡಿದ. ಡೀಸೆಲ್. ಮೊದಲ ಪೈಪಿನಿಂದ ಚಿಮ್ಮಿದ್ದು ನೇರವಾಗಿ ಬೆಲ್ಟಿನ ಮೇಲೆ ಬೀಳುತ್ತಿತ್ತು. ಏರಿನಲ್ಲಿ ಬೆಲ್ಟು ಜಾರುತ್ತಿತ್ತು, ನೀರು ಓಡುತ್ತಿರಲಿಲ್ಲ. ಎರಡು ಕಾಯಿಲೆಗೂ ಒಂದೇ ನಟ್ಟು.

ಬಟ್ಟೆ ಒಗೆಯುವ ಪುಡಿಯಿಂದ ಬೆಲ್ಟು ತೊಳೆದು ಒಣಗಿಸಿದೆವು. ನಟ್ಟು ಬಿಗಿದೆವು. ಬಿದ್ದುಹೋದ ಪಟ್ಟಿಯ ಬದಲು ಹಳೆಯ ಟ್ಯೂಬಿನ ತುಂಡು ಸುತ್ತಿ, ತಂತಿಯಿಂದ ಪಕ್ಕದ ಪೈಪಿಗೆ ಕಟ್ಟಿದ ಮ್ವಾಪೆ. ಅವನು ತಂತಿ ಹುರಿ ಮಾಡುವ ರೀತಿ ಅಚ್ಚುಕಟ್ಟು. ಲಾರಿ ಏರು ಹತ್ತಿತು, ಮುಳ್ಳು ಅಲ್ಲಾಡಲಿಲ್ಲ. ಮ್ವಾಪೆ ಹಾಡು ಗುನುಗಿದ. ನಾನು ಕಡಲೆಕಾಯಿ ಬಿಡಿಸಿ ಅವನಿಗೂ ಕೊಟ್ಟೆ. ಹೊರಡುವಾಗ ಅವನು ಕೊಂಬೆಗಳನ್ನು ಒಂದೊಂದಾಗಿ ತೆಗೆದು ಬದಿಗೆ ಎಸೆದಿದ್ದ ಎಂಬುದನ್ನೂ ಹೇಳಬೇಕು.

ಪೊಲೀಸ್ ಚೌಕಿ

ಸೆರೆಂಜೆ ದಾಟಿ ಕೊಂಚ ದೂರದಲ್ಲಿ ರಸ್ತೆಗೆ ಅಡ್ಡ ಕಂಬ. ಮ್ವಾಪೆ ನಿಲ್ಲಿಸಿ ಕಿಟಕಿಯಿಂದ ಕುಶಲ ಕೇಳಲು ಬಾಯಿ ತೆರೆದ. ಪೊಲೀಸಿನವನು ತಿರುಗಿ ಕುಶಲ ಕೇಳಲಿಲ್ಲ. ಆ ದೇಶದಲ್ಲಿ ಅದೊಂದೇ ಸಾಕು, ಏನೋ ಕೆಟ್ಟದ್ದಾಗಿದೆ ಎಂದು ತಿಳಿಯಲು. ಮ್ವಾಪೆಯನ್ನು ಇಳಿಸಿದರು, ಕೈಗೆ ಬೇಡಿ ಹಾಕಿದರು. ಸಂತೆಯಿಂದ ಬರುತ್ತಿದ್ದ ಜನ ನಿಂತು ನೋಡಿದರು.

ಒಬ್ಬ ಮಹಿಳಾ ಅಧಿಕಾರಿ ನನ್ನ ತೋಳು ಹಿಡಿದು ಇಳಿಸಿ, "ಹೆದರಬೇಡಿ ಮೇಡಂ. ಈಗ ನಿಮಗೇನೂ ಅಪಾಯವಿಲ್ಲ" ಎಂದರು.

"ಅಪಾಯವೇ? ಇವನನ್ನು ಯಾಕೆ ಹಿಡಿದಿದ್ದೀರಿ?"

"ನೀವೇ ಬರೆದು ತಿಳಿಸಿದ್ದೀರಲ್ಲ."

"ನಾನೇ?"

ಅವರು ಫೋನು ತೆಗೆದು ಓದಿದರು. ಸ್ವಚ್ಛವಾದ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ. ಟ್ರಕ್ ಮಿಸ್ಸಿಂಗ್. ಮ್ವಾಪೆ ಗಾನ್. ನಾಟ್ ಕಮ್ ಬ್ಯಾಕ್. ಐ ಆಮ್ ಸಿಟ್ಟಿಂಗ್ ಆನ್ ರೋಡ್. ಅವರ ಬಾಯಿಂದ ಕೇಳಿದಾಗಲೇ ನನಗೆ ಹೊಳೆಯಿತು. ಲಾರಿ ಕಾಣೆಯಾಗಿದೆ, ಮ್ವಾಪೆ ಪರಾರಿ, ನಾನು ಬೀದಿಪಾಲು. ಆ ವಾಕ್ಯಗಳಿಗೆ ಬೇರೆ ಅರ್ಥವೇ ಇರಲಿಲ್ಲ. ಅತ್ತೆಯೇ ನನ್ನ ಸಂದೇಶವನ್ನು ಪೊಲೀಸರಿಗೆ ಕಳಿಸಿ ಅಳಿಯನ ಮೇಲೆ ದೂರು ಕೊಟ್ಟಿದ್ದರು.

ಮ್ವಾಪೆ ನನ್ನ ಕಡೆ ತಿರುಗಿದ. "ನೀವು ಹಾಗೆ ಬರೆದಿರಾ?"

"ಬರೆದದ್ದು ಹೌದು, ಅರ್ಥ ಅದಲ್ಲ" ಎಂದೆ. ಅವನು ಮುಖ ತಿರುಗಿಸಿದ.

ನಮ್ಮೂರಿನಲ್ಲಿ ಮಿಸ್ಸಿಂಗ್ ಎಂದರೆ ಬೇರೆ ಎಂದು ವಿವರಿಸಿದೆ. ಅಧಿಕಾರಿ ಸಹನೆಯಿಂದ ಕೇಳಿ, "ಅವನು ನಿಮ್ಮನ್ನು ಹೆದರಿಸಿ ಹೀಗೆ ಹೇಳಿಸುತ್ತಿದ್ದಾನೆಯೇ?" ಎಂದರು. ನಾನು ರೇಗಿ ಅವರ ಕೈ ಹಿಡಿದು ಕ್ಯಾಬಿನ್ನಿಗೆ ಹತ್ತಿಸಿದೆ. ಪೊಲೀಸರ ಕೈ ಹಿಡಿದು ಎಳೆಯುವ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಮುಚ್ಚಳ ಎತ್ತಿ, ಆಗಷ್ಟೇ ಸರಿಮಾಡಿದ್ದ ಮೊದಲ ಪೈಪಿನ ತಂತಿ ಬಿಚ್ಚಿದೆ. ಬೆಲ್ಟಿಗೆ ತಾಗದಂತೆ ಬಟ್ಟೆ ಹಿಡಿದು ನಟ್ಟು ಸಡಿಲಿಸಿದೆ. ಲಾರಿ ಕುಂಟಿತು.

"ಕೇಳಿ. ಇದು ಮಿಸ್ಸಿಂಗ್."

ಬಿಗಿದೆ. ಸರಿಹೋಯಿತು. ಮತ್ತೆ ಸಡಿಲಿಸಿದೆ.

"ಮಿಸ್ಸಿಂಗ್."

ಅಧಿಕಾರಿ ತಲೆ ವಾಲಿಸಿ ಕೇಳಿದರು. "ಅಂದರೆ ಟ್ರಕ್ ಇತ್ತು."

"ಇತ್ತು."

"ಇದ್ದುಕೊಂಡೇ ಮಿಸ್ಸಿಂಗ್ ಆಗಿತ್ತು."

"ಹೌದು!"

"ನಾವು ಅದಕ್ಕೆ ಎಂಜಿನ್ ಕೆಮ್ಮುತ್ತಿದೆ ಎನ್ನುತ್ತೇವೆ" ಎಂದರು ಅವರು, ನಗದೆ. ಬೇಡಿ ತೆಗೆಸಿದರು. ಆದರೆ ದೂರು ಕೊಟ್ಟವರು ಬಂದು ಹಿಂದಕ್ಕೆ ಪಡೆಯದೆ ಗಾಡಿ ಬಿಡುವಂತಿರಲಿಲ್ಲ. ನಾನು ಅವಸರದಲ್ಲಿ ತಂತಿ ಕಟ್ಟಿ ಇಳಿದೆ. ಮ್ವಾಪೆ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ ಕೂತೆವು. ನೋಡುತ್ತಿದ್ದ ಜನ ಹೋಗಲಿಲ್ಲ. ಬೇಡಿ ತೆಗೆದದ್ದು ಅಷ್ಟು ನೋಡುವಂಥ ವಿಷಯವಲ್ಲ, ಹಾಕಿದ್ದನ್ನು ಮಾತ್ರ ಅವರು ಊರಿಗೆ ಕೊಂಡೊಯ್ಯುತ್ತಾರೆ.

ಬಾನಾ ಚಾಂಡಾ ಯಾರದೋ ಪಿಕಪ್ಪಿನಲ್ಲಿ ಬಂದರು. ಭಾರಿ ಆಳು, ತಲೆಗೆ ಬಿಗಿದ ಬಟ್ಟೆ. ಜೊತೆಗೆ ಅವರ ತಮ್ಮ ಕಾಸೋಂಡೆ, ಹಿಂದೆ ಬಸ್ಸು ಓಡಿಸುತ್ತಿದ್ದ ನರೆಗೂದಲಿನವರು. ಅವರನ್ನು ಕಂಡೊಡನೆ ಮ್ವಾಪೆ ಎದ್ದು ಮರದ ಹಿಂದೆ ಸರಿದು ಬೆನ್ನು ತಿರುಗಿಸಿ ನಿಂತ. ತಪ್ಪು ಮಾಡಿದವನ ಹಾಗೆ ಕಂಡ. ಅದು ಮರ್ಯಾದೆ ಎಂದು ನನಗೆ ಗೊತ್ತಿದ್ದೂ ನೋಡಲಾಗಲಿಲ್ಲ.

ಅಧಿಕಾರಿ ಎಲ್ಲವನ್ನೂ ಹೇಳಿದರು. ಬಾನಾ ಚಾಂಡಾ ಲಾರಿಯನ್ನು ಒಂದು ಸುತ್ತು ಬಂದು, ಗಾಣದ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ, ದೂರು ಹಿಂದಕ್ಕೆ ಪಡೆದರು. ಆಮೇಲೆ ಕೀಲಿಯನ್ನು ಕಾಸೋಂಡೆಯ ಕೈಗೆ ಕೊಟ್ಟರು.

"ಮ್ವಾಪೆ ಓಡಿಸಲಿ" ಎಂದೆ. "ಅವನ ತಪ್ಪು ಏನೂ ಇಲ್ಲ. ತಪ್ಪೆಲ್ಲ ನನ್ನದು."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಿಮ್ಮ ಒಂದು ಮಾತು ನಂಬಿ ಮಗಳ ಗಂಡನನ್ನು ಪೊಲೀಸರಿಗೆ ಒಪ್ಪಿಸಿದೆ. ಈಗ ನಿಮ್ಮ ಇನ್ನೊಂದು ಮಾತು ನಂಬಿ ಕೀಲಿ ಕೊಡಬೇಕೇ? ಊರಿನ ಹೆಂಗಸರು ನನ್ನನ್ನೇ ಕೇಳುತ್ತಿದ್ದಾರೆ."

ನಾನು ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.

ಕೊನೆಯ ಏರು

ಹೆದ್ದಾರಿ ಬಿಟ್ಟು ಮಣ್ಣಿನ ದಾರಿ ಹಿಡಿದೆವು. ಕಾಸೋಂಡೆ ಓಡಿಸುತ್ತಿದ್ದರು, ಬಾನಾ ಚಾಂಡಾ ಅವರ ಪಕ್ಕದಲ್ಲಿ ಎಂಜಿನ್ ಮುಚ್ಚಳದ ಆಚೆ ಕೂತಿದ್ದರು. ಮ್ವಾಪೆ ಹಿಂದೆ ಗಾಣದ ಪೆಟ್ಟಿಗೆಗೆ ಒರಗಿ ಕೂತ. ನನಗೂ ಮುಂದೆ ಜಾಗ ಇತ್ತು, ಬೇಡವೆಂದು ನಾನೂ ಹಿಂದೆ ಹತ್ತಿದೆ. ನಾನು "ಸಾರಿ" ಎಂದೆ. ಅದನ್ನು ಅವನು ಯಾವ ಅರ್ಥದಲ್ಲಿ ತೆಗೆದುಕೊಂಡನೋ ತಿಳಿಯಲಿಲ್ಲ.

ಊರಿಗೆ ಮುಂಚಿನ ಏರು ಬಂತು. ಮ್ವಾಪೆ ತಟ್ಟನೆ ತಲೆ ಎತ್ತಿದ. ನನಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು, ಒಂದು ಏಟು ತಪ್ಪಿದ್ದು. ಅವನು ಎದ್ದು ಕ್ಯಾಬಿನ್ನಿನ ಮೇಲೆ ಅಂಗೈಯಿಂದ ಗುದ್ದಿದ. ಲಾರಿ ನಿಂತಿತು. ಚೌಕಿಯಲ್ಲಿ ನಾನು ಅವಸರದಿಂದ ಕಟ್ಟಿದ ತಂತಿ ಕಳಚಿರಬೇಕು. ಹಾಗೇ ಓಡಿಸಿದರೆ ಮತ್ತೆ ಬೆಲ್ಟಿಗೆ ಡೀಸೆಲ್, ಮತ್ತೆ ಕುದಿ. ಊರು ಕಣ್ಣಳತೆಯಲ್ಲಿತ್ತು. ಹೊಗೆ ಕಾಣುತ್ತಿತ್ತು, ಹೆಂಗಸರ ಹಾಡು ಕೇಳುತ್ತಿತ್ತು.

ಅವನು ಸ್ಪ್ಯಾನರ್ ಹಿಡಿದು ಚಾಲಕನ ಬಾಗಿಲವರೆಗೆ ಹೋದವನು ನಿಂತುಬಿಟ್ಟ. ಎಂಜಿನ್ ಇರುವುದು ಕ್ಯಾಬಿನ್ನಿನ ಒಳಗೆ. ಒಳಗೆ ಅತ್ತೆ ಕೂತಿದ್ದಾರೆ. ಕಾಸೋಂಡೆ ಇಳಿದು ದಾರಿ ಬಿಟ್ಟರು. ಬಾನಾ ಚಾಂಡಾ ಇಳಿಯುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಇಳಿಯಲಿಲ್ಲ. ಕಾಲು ಮೇಲಕ್ಕೆಳೆದುಕೊಂಡು, ಹೆಗಲ ಬಟ್ಟೆಯನ್ನು ಮಡಿಸಿ ಕೈಗೆ ಸುತ್ತಿ, ಸುಡುತ್ತಿದ್ದ ಮುಚ್ಚಳವನ್ನು ತಾವೇ ಎತ್ತಿ ಹಿಡಿದರು.

ಮ್ವಾಪೆ ತಲೆ ತಗ್ಗಿಸಿಕೊಂಡೇ ಹತ್ತಿದ. ನಟ್ಟು ಬಿಗಿದ, ಬೆಲ್ಟು ಒರೆಸಿದ, ತಂತಿಯನ್ನು ತನ್ನ ಅಚ್ಚುಕಟ್ಟಿನಲ್ಲಿ ಹುರಿ ಮಾಡಿ ಕಟ್ಟಿದ. ಅಷ್ಟೂ ಹೊತ್ತು ಅವರು ಮುಚ್ಚಳ ಬಿಡಲಿಲ್ಲ. ಅವನು ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟ. ಏಟು ತಪ್ಪಲಿಲ್ಲ. ಇಳಿಯಲು ತಿರುಗಿದರೆ ಕಾಸೋಂಡೆ ಅಲ್ಲಿರಲಿಲ್ಲ. ಹಿಂದೆ ಬಂದು, ನನ್ನ ಪಕ್ಕದಲ್ಲಿ, ಗಾಣದ ಪೆಟ್ಟಿಗೆಯ ಮೇಲೆ ಆರಾಮವಾಗಿ ಕೂತಿದ್ದರು.

ಲಾರಿ ಅಲ್ಲಾಡಲಿಲ್ಲ. ಮುಂದೆ ಅತ್ತೆ, ಅಳಿಯ ಇಬ್ಬರೇ. ನನಗೆ ತಡೆಯಲಾಗಲಿಲ್ಲ. ಹೊಸೂರು ರಸ್ತೆಯ ಬಸ್ಸಿನ ಕಂಡಕ್ಟರಿನ ಹಾಗೆ ಕ್ಯಾಬಿನ್ನಿಗೆ ಎರಡು ಏಟು ಹಾಕಿ ಕೂಗಿದೆ, "ರೈಟ್, ರೈಟ್!"

ಮ್ವಾಪೆ ಕಿಟಕಿಯಿಂದ ತಲೆ ಹಾಕಿ ಬಲಗಡೆ ನೋಡಿದ. ಬಲಗಡೆ ಮುಳ್ಳುಪೊದೆ. "ಬಲಕ್ಕೆ ದಾರಿಯೇ ಇಲ್ಲ, ಮೇಡಂ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬಾನಾ ಚಾಂಡಾ ತಮ್ಮ ಭಾಷೆಯಲ್ಲಿ ಏನೋ ಹೇಳಿದ್ದು ಕೇಳಿಸಿತು. ಕಾಸೋಂಡೆ ಕೂತಲ್ಲೇ ನೆಟ್ಟಗಾದರು.

"ಏನೆಂದರು?"

"ಆ ಹೆಂಗಸಿನ ಮಾತು ಕೇಳಬೇಡ, ನೇರ ಮನೆಗೆ ನಡೆ ಎಂದರು."

"ಯಾರಿಗೆ ಹೇಳಿದ್ದು?"

"ಅವನಿಗೇ" ಎಂದರು ಕಾಸೋಂಡೆ. ಲಾರಿ ಹೊರಟಿತು.